ಹಬ್ಬಕ್ಕೆ ಬಾರದವರ ಮೇಲೆ ಮುನಿಸೇಕೆ?

ದಸರೆ ಬಂತೆಂದರೆ ಮೈಸೂರಿನ ಮನೆಮನೆಯೂ ಛತ್ರವಾಗುತ್ತದೆ. ಬೆಂಗಳೂರಿನ ಅಳಿಯ, ಹಾಸನದ ಸೋದರತ್ತೆ, ಅವರ ಮಕ್ಕಳು ಮರಿ ಎಲ್ಲರೂ ಬಂದಿಳಿಯುತ್ತಾರೆ. ಇಬ್ಬರು ಮಲಗುವ ಕೋಣೆಯಲ್ಲಿ ಎಂಟು ಜನ. ಗೊಂಬೆ ನೋಡಲು ಬರುವವರು ಬೇರೆ. ಅದೇ ಹಬ್ಬದ ಸೊಗಸು, ಬೇಡ ಅನ್ನೋರು ಯಾರು?

ಆದರೆ ಕಿಡ್ನಿ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್‌ಗೆ ಔಷಧಿ ತೆಗೆದುಕೊಳ್ಳುತ್ತಿರುವವರು, ಸಕ್ಕರೆ ಕಾಯಿಲೆ, ಗೂರಲು, ಹೃದ್ರೋಗದ ವೃದ್ಧರು, ಇವರ ಪಾಡೇನು? ನಮಗೆ ಮೂರು ದಿನದ ಜ್ವರ. ಅವರಿಗೆ ಅದೇ ನ್ಯುಮೋನಿಯಾಕ್ಕೆ ತಿರುಗಿ ಆಸ್ಪತ್ರೆ ಸೇರಿಸಬಹುದು. ಕಸಿ ಮಾಡಿದ ಕಿಡ್ನಿಯನ್ನು ದೇಹ ತಳ್ಳಿಹಾಕದಿರಲೆಂದು ಕೊಡುವ ಮಾತ್ರೆಯೇ ರೋಗದೊಡನೆ ಹೋರಾಡುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಮಳೆಗಾಲದ ಫ್ಲೂ ದಸರೆ ಹೊತ್ತಿಗೆ ಊರು ಬಿಟ್ಟಿರುತ್ತದೆಂಬ ಭರವಸೆಯೂ ಇಲ್ಲ.

ಇಂಥವರು ‘ಈ ಸಲ ಬರೋಲ್ಲ’ ಅಂದರೆ ಸಾಕು, ಶುರುವಾಯಿತು. ‘ದೊಡ್ಡ ಮನುಷ್ಯರಾಗಿಬಿಟ್ರು’, ‘ನಮ್ಮ ಮನೆ ಊಟ ಸೇರೋಲ್ಲ’, ‘ಇನ್ನೆಷ್ಟು ವರ್ಷ ಇರ್ತಾರೆ, ಬಂದು ಹೋಗಬಾರದೇ?’ ಈ ಮಾತಿಗೆ ಹೆದರಿಯೇ ಎಷ್ಟೋ ಮಂದಿ ಮನಸ್ಸಿಲ್ಲದ ಮನಸ್ಸಿನಿಂದ ಹೊರಟು ಬರುತ್ತಾರೆ.

ಸೂತಕ ಇದ್ದವರು ಹಬ್ಬಕ್ಕೆ ಬಾರದಿದ್ದರೆ ಯಾರೂ ಕಾರಣ ಕೇಳುವುದಿಲ್ಲ, ಮುನಿಸಿಕೊಳ್ಳುವುದೂ ಇಲ್ಲ. ಆ ಔದಾರ್ಯ ಕಾಯಿಲೆಯವರಿಗೇಕಿಲ್ಲ? ಕೊರೋನಾ ಕಾಲದ 2020 ಮತ್ತು 2021ರಲ್ಲಿ ಜಂಬೂ ಸವಾರಿಯೇ ಬನ್ನಿಮಂಟಪಕ್ಕೆ ಹೋಗದೆ ಅರಮನೆ ಆವರಣದಲ್ಲಿ ಮುಗಿಯಿತು. ಚಾಮುಂಡೇಶ್ವರಿಯ ಅಂಬಾರಿಯೇ ಹೆಬ್ಬಾಗಿಲು ದಾಟಲಿಲ್ಲ. ನಾಡಹಬ್ಬಕ್ಕೇನೂ ಕುಂದು ಬರಲಿಲ್ಲ.

ಹಾಗೆಂದು ಮುದುಕರನ್ನೆಲ್ಲ ಕೋಣೆಯೊಳಗೆ ಕೂಡಿಹಾಕಿ ಎಂದು ನಾವು ಹೇಳುತ್ತಿಲ್ಲ. ಹಬ್ಬದ ದಿನ ಒಂಟಿಯಾಗಿ ಕೂರುವ ಸಂಕಟವೂ ಸಣ್ಣದಲ್ಲ. ಹೋಗಬೇಕೋ ಬೇಡವೋ ಎಂಬುದನ್ನು ಡಾಕ್ಟರನ್ನು ಕೇಳಿ ಅವರೇ ತೀರ್ಮಾನಿಸಲಿ. ಮಗನೂ ಬೇಡ, ಬೀಗರೂ ಬೇಡ.

ಕರೆಯುವವರ ಕೆಲಸವೂ ಇದೆ. ಕೆಮ್ಮು, ಜ್ವರ ಇದ್ದೋರು, ಅಳಿಯನೇ ಆಗಲಿ, ಬರಕೂಡದು. ಕಿಟಕಿ ತೆರೆದಿಡಿ. ಎಲೆಯನ್ನು ಜಗಲಿಯಲ್ಲೋ ಹಿತ್ತಲಲ್ಲೋ ಹಾಕಿ. ಫ್ಲೂ ಚುಚ್ಚುಮದ್ದು ಹಾಕಿಸುವುದಿದ್ದರೆ ಹಬ್ಬಕ್ಕೆ ಎರಡು ವಾರ ಮುಂಚೆಯೇ ಆಗಲಿ. ಅದು ಫಲ ಕೊಡಲು ಅಷ್ಟು ದಿನ ಬೇಕು. ಬಾರದವರ ಮನೆಗೆ, ನೆಂಟರ ಗದ್ದಲ ಇಳಿದ ಮೇಲೆ, ಆರೋಗ್ಯವಾಗಿರುವ ಒಬ್ಬಿಬ್ಬರು ಹೋಗಿ ಹೋಳಿಗೆ ಕೊಟ್ಟು, ಹೊರ ಜಗಲಿಯಲ್ಲಿ ಕೂತು ನಾಲ್ಕು ಮಾತಾಡಿ ಬನ್ನಿ.

ದಸರೆ ಮುಂದಿನ ವರ್ಷವೂ ಬರುತ್ತೆ. ಅದನ್ನು ನೋಡಲು ಹಿರಿಯರೂ ಇರಬೇಕಲ್ಲವೇ?