ಕಳೆದ ವರ್ಷದ ಸಿಲಿಂಡರ್ ಲೆಕ್ಕ ನಮ್ಮ ಬಚ್ಚಲ ಒಲೆಗೆ ಸಾಲದು

ಒಂದು ಊರಿಗೆ ಮುಂದಿನ ವರ್ಷ ಎಷ್ಟು ಇಂಧನ ಬೇಕಾಗಬಹುದು ಎಂದು ಮೊದಲೇ ಲೆಕ್ಕ ಹಾಕುವುದನ್ನು ಬೇಡಿಕೆಯ ಮುನ್ನಂದಾಜು ಎನ್ನುತ್ತಾರೆ. ಇದಕ್ಕೆ ಸುಲಭದ ದಾರಿಯೊಂದಿದೆ. ಹಿಂದಿನ ಮೂರು ವರ್ಷಗಳ ಮಾರಾಟ ತೆಗೆದುಕೊಂಡು, ಸರಾಸರಿ ಹಾಕಿ, ಮೇಲೆ ಒಂದಷ್ಟು ಶೇಕಡಾ ಸೇರಿಸಿದರೆ ಆಯಿತು. ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳ ಮಟ್ಟಿಗೆ ಈ ದಾರಿ ತಪ್ಪು ಉತ್ತರ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಚಳಿ ದೇಶಗಳಲ್ಲಿ ಇಂಧನ ಉರಿಸಿ ಕೋಣೆಗಳನ್ನು ಬೆಚ್ಚಗೆ ಮಾಡುತ್ತಾರೆ. ನಮ್ಮಲ್ಲಿ ಕಾಯಿಸುವುದು ನೀರನ್ನು. ಸ್ನಾನಕ್ಕೆ, ಬೆಳಗಿನ ವುಜೂಗೆ, ಮನೆಯಲ್ಲಿರುವ ಹಿರಿಯರಿಗೆ, ಎಳೆಯ ಮಕ್ಕಳಿಗೆ ಬಿಸಿನೀರು ಬೇಕು. ಒಂದು ಲೆಕ್ಕ ಮಾಡೋಣ. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು, ಒಲೆಯ ಶಾಖದಲ್ಲಿ ಶೇ. 60 ನೀರಿಗೆ ಸೇರುತ್ತದೆ ಎಂದಿಟ್ಟುಕೊಂಡರೆ, ಸುಮಾರು 75 ಗ್ರಾಂ ಗ್ಯಾಸ್ ಬೇಕು. ಐದು ಜನರಿರುವ ಮನೆಯಲ್ಲಿ ತಲೆಗೊಂದು ಬಕೆಟ್ ಎಂದರೆ ತಿಂಗಳಿಗೆ 11 ಕೆ.ಜಿ. ದಾಟುತ್ತದೆ. ಮನೆಗೆ ಬರುವ ಸಿಲಿಂಡರಿನಲ್ಲಿ ಇರುವುದೇ 14.2 ಕೆ.ಜಿ. ಅಡುಗೆಗೆ ಏನು ಉಳಿಯಿತು?

ಅದಕ್ಕೇ ಬಹಳ ಮನೆಗಳಲ್ಲಿ ಅಡುಗೆಮನೆಗೆ ಗ್ಯಾಸ್, ಬಚ್ಚಲಿಗೆ ಸೌದೆ. ಹಂಡೆಯ ಕೆಳಗೆ ತೆಂಗಿನ ಗರಿ, ಮಟ್ಟೆ, ಚಿಪ್ಪು, ಅಡಿಕೆ ಸಿಪ್ಪೆ, ಮೆಕ್ಕೆಜೋಳದ ದಿಂಡು, ಸಾಮಿಲ್ಲಿನ ಮರದ ಚೂರು, ಏನು ಸಿಕ್ಕರೆ ಅದು ಉರಿಯುತ್ತದೆ. ಇದರಲ್ಲಿ ಹೆಚ್ಚಿನದಕ್ಕೆ ಬಿಲ್ ಇಲ್ಲ, ರಸೀದಿ ಇಲ್ಲ. ಆದ್ದರಿಂದ ಯಾವ ಮಾರಾಟದ ಪುಸ್ತಕದಲ್ಲೂ ಇದು ಕಾಣುವುದಿಲ್ಲ. ಈ ಸೌದೆ ನಿಂತುಹೋದ ದಿನ ಅಷ್ಟೂ ಭಾರ ಗ್ಯಾಸಿನ ಮೇಲೆ ಅಥವಾ ಕರೆಂಟಿನ ಮೇಲೆ ಬೀಳುತ್ತದೆ. ಬರ ಬಂದು ತೆಂಗಿನ ತೋಟ ಒಣಗಿದಾಗ ಒಂದೆರಡು ವರ್ಷ ಸೌದೆ ಧಾರಾಳವಾಗಿ ಸಿಗುತ್ತದೆ. ಆ ವರ್ಷಗಳ ಸಿಲಿಂಡರ್ ಮಾರಾಟವನ್ನೇ ನಂಬಿದವರಿಗೆ ಮೂರನೆಯ ವರ್ಷ ಏನಾಗುತ್ತದೆ ಎಂದು ಗೊತ್ತಾಗುವುದಿಲ್ಲ.

ಮೂರು ತಾಲ್ಲೂಕುಗಳೂ ಒಂದೇ ರೀತಿ ಇಲ್ಲ. ಮಳೆ ಕಡಿಮೆಯಿರುವ ಕಡೂರಿನ ಕಡೆ ತೆಂಗು. ಭದ್ರಾ ಅಣೆಕಟ್ಟೆ, ಕೆಮ್ಮಣ್ಣುಗುಂಡಿ ಬೆಟ್ಟ ಇರುವ ತರೀಕೆರೆಯ ಕಡೆ ಅಡಿಕೆ ತೋಟ, ಕಾಡಿನ ಅಂಚು. ಅಜ್ಜಂಪುರ ತರೀಕೆರೆಯಿಂದ ಬೇರೆಯಾದ ಹೊಸ ತಾಲ್ಲೂಕು. 2011ರ ಜನಗಣತಿಯಲ್ಲಿ ಅದಕ್ಕೆ ತನ್ನದೇ ಆದ ತಾಲ್ಲೂಕಿನ ಅಂಕಿಅಂಶವೇ ಇಲ್ಲ. ಆ ಗಣತಿಯಲ್ಲಿ ಮನೆಗೆ ಬಂದವರು ಅಡುಗೆಗೆ ಯಾವ ಇಂಧನ ಬಳಸುತ್ತೀರಿ ಎಂದು ಕೇಳಿದ್ದರು, ಸ್ನಾನದ ಮನೆ ಇದೆಯೇ ಎಂದೂ ಕೇಳಿದ್ದರು. ಸ್ನಾನದ ನೀರನ್ನು ಯಾವುದರಿಂದ ಕಾಯಿಸುತ್ತೀರಿ ಎಂದು ಕೇಳಿರಲಿಲ್ಲ.

ನನಗೆ ಇನ್ನೂ ದೊಡ್ಡದಾಗಿ ಕಾಣುವ ತೊಂದರೆ ಬೇರೆ ಇದೆ. ಅರ್ಥಶಾಸ್ತ್ರದ ಪಾಠದಲ್ಲಿ ಬೇಡಿಕೆ ಎಂದರೆ ಬರೀ ಆಸೆಯಲ್ಲ, ಕೊಳ್ಳುವ ಶಕ್ತಿಯೂ ಮನಸ್ಸೂ ಕೂಡಿರಬೇಕು ಎಂದು ಓದುತ್ತೇವೆ. ಹಾಗಾದರೆ ದುಡ್ಡಿಲ್ಲದೆ ಸಿಲಿಂಡರ್ ತುಂಬಿಸದ ಮನೆಯ ಬೇಡಿಕೆ ಸೊನ್ನೆ. 2016ರ ಮೇ ತಿಂಗಳಲ್ಲಿ ಶುರುವಾದ ಉಜ್ವಲಾ ಯೋಜನೆಯಲ್ಲಿ ಸಂಪರ್ಕ ಪಡೆದ ಕುಟುಂಬಗಳು 2019-20ರಲ್ಲಿ ದೇಶದ ಸರಾಸರಿಯಂತೆ ವರ್ಷಕ್ಕೆ ತುಂಬಿಸಿದ್ದು ಸುಮಾರು ಮೂರು ಸಿಲಿಂಡರ್. 2024-25ಕ್ಕೆ ಅದು ಸುಮಾರು ನಾಲ್ಕೂವರೆಗೆ ಏರಿದೆ. ಈ ಸಂಖ್ಯೆ ನೋಡಿ, ಆ ಕುಟುಂಬಕ್ಕೆ ಬೇಕಾಗಿರುವುದೇ ನಾಲ್ಕೂವರೆ ಎಂದು ಹೇಳಬಹುದೇ? ಮಿಕ್ಕ ದಿನಗಳಲ್ಲಿ ಅಲ್ಲಿ ಯಾರೋ ಒಬ್ಬ ತಾಯಿ ಹೊಗೆಯ ಮುಂದೆ ಕೂತು ಒಲೆ ಊದುತ್ತಿರುತ್ತಾರೆ. ಅವರು ಎಷ್ಟು ಕೊಂಡರು ಎಂಬುದನ್ನೇ ಅವರಿಗೆ ಎಷ್ಟು ಬೇಕು ಎಂದು ಬರೆದುಕೊಂಡರೆ, ಬಡತನವನ್ನೇ ಮುಂದಿನ ವರ್ಷಕ್ಕೂ ಅಂದಾಜು ಮಾಡಿದಂತೆ.

ಇದು ಬರೀ ಪುಸ್ತಕದ ಮಾತಲ್ಲ. 2023ರಲ್ಲಿ ನಮ್ಮ ರಾಜ್ಯ ಸರ್ಕಾರ ಗೃಹಜ್ಯೋತಿ ತಂದಾಗ ಪ್ರತಿ ಮನೆಯ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಉಚಿತ ಯುನಿಟ್ ನಿಗದಿ ಮಾಡಿತು. ತಿಂಗಳಿಗೆ 150 ಯುನಿಟ್ ಬಳಸುತ್ತಿದ್ದ ಮನೆಗೆ 15 ಯುನಿಟ್ ಹೆಚ್ಚಾಯಿತು, 30 ಬಳಸುತ್ತಿದ್ದ ಮನೆಗೆ ಬರೀ 3. ಆಮೇಲೆ 2024ರ ಜನವರಿಯಲ್ಲಿ, ಸರಾಸರಿ 48 ಯುನಿಟ್‌ಗಿಂತ ಕಡಿಮೆ ಇರುವವರಿಗೆ ಶೇ. 10ರ ಬದಲು 10 ಯುನಿಟ್ ಕೊಡಲು ಸಚಿವ ಸಂಪುಟ ಒಪ್ಪಿತು. ಒಳ್ಳೆಯ ತಿದ್ದುಪಡಿಯೇ. ಆದರೆ ಮೇಲೆ ಹೇಳಿದ ಐದು ಬಕೆಟ್ ನೀರನ್ನು ಹೀಟರಿನಲ್ಲಿ ಕಾಯಿಸಲು ದಿನಕ್ಕೆ ಸುಮಾರು 3 ಯುನಿಟ್, ತಿಂಗಳಿಗೆ 90 ಯುನಿಟ್ ಬೇಕು. ಹಂಡೆಗೆ ಸೌದೆ ಹಾಕಿ ಕರೆಂಟ್ ಉಳಿಸಿದ ಮನೆ ಆ ಸೌದೆ ಬಿಡಲು ಈ 10 ಯುನಿಟ್ ಸಾಲುವುದಿಲ್ಲ.

ಕ್ಯಾಲೆಂಡರನ್ನೂ ಮರೆಯಬಾರದು. ದೀಪಾವಳಿಯ ನೀರು ತುಂಬುವ ಹಬ್ಬ, ಎಣ್ಣೆಸ್ನಾನ ಎಂದರೆ ಹಂಡೆ ತುಂಬ ಬಿಸಿನೀರು. ಅಧಿಕ ಮಾಸ ಇರುವುದರಿಂದ ಆ ಹಬ್ಬ ಅಕ್ಟೋಬರ್, ನವೆಂಬರ್ ಬಿಟ್ಟು ಹೋಗುವುದಿಲ್ಲ. ನಮ್ಮ ರಂಜಾನ್ ಹಾಗಲ್ಲ. ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಮಾರ್ಚ್ 12ಕ್ಕೆ, 2025ರಲ್ಲಿ ಮಾರ್ಚ್ 2ಕ್ಕೆ ಮೊದಲ ರೋಜಾ. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ ಎರಡು ಸಲ ರಂಜಾನ್ ಬರಲಿದೆ. ಸಹರಿಯ ಒಲೆ, ಫಜರ್‌ಗೆ ಬಿಸಿನೀರು, ಮಾಗಿಯ ಚಳಿ ಮೂರೂ ಒಂದೇ ತಿಂಗಳಲ್ಲಿ ಕೂಡುತ್ತವೆ. "ಕಳೆದ ವರ್ಷ ಇದೇ ತಿಂಗಳು ಎಷ್ಟು ಹೋಗಿತ್ತು" ಎಂದು ನೋಡುವವರಿಗೆ ಇದು ತಿಳಿಯದು.

ಸಿಲಿಂಡರ್ ವಿತರಿಸುವವರಿಗೆ ತಮ್ಮ ಗಿರಾಕಿಗಳು ಗೊತ್ತಿಲ್ಲವೇ ಎಂದು ಕೆಲವರು ಕೇಳಬಹುದು. ಗೊತ್ತಿದೆ. ಈ ವಾರ ಎಷ್ಟು ಲೋಡ್ ತರಿಸಬೇಕು ಎಂಬುದಕ್ಕೆ ಬುಕಿಂಗ್ ಸಾಕು. ಐದು ವರ್ಷದ ಯೋಜನೆಗೆ, ಬುಕ್ ಮಾಡದೇ ಇದ್ದವರ ಲೆಕ್ಕವೂ ಬೇಕು.

ಆ ಲೆಕ್ಕ ತರಲು ನಮ್ಮಿಂದ ಸಾಧ್ಯ. ನಮ್ಮಲ್ಲಿ ಮೂರೂ ತಾಲ್ಲೂಕುಗಳ ವಿದ್ಯಾರ್ಥಿಗಳಿದ್ದಾರೆ. ವಾಣಿಜ್ಯ ವಿಭಾಗದಿಂದ ಒಬ್ಬೊಬ್ಬರು ಹತ್ತು ಮನೆ ಕೇಳಲಿ. ಹೆಸರು ಬರೆದುಕೊಳ್ಳುವುದು ಬೇಡ. ನಾಲ್ಕೇ ಪ್ರಶ್ನೆ: ಎಷ್ಟು ಜನ ಇದ್ದೀರಿ? ಸ್ನಾನದ ನೀರು ಯಾವುದರಿಂದ ಕಾಯುತ್ತದೆ, ಅದನ್ನು ಕೊಳ್ಳುತ್ತೀರೋ ಆರಿಸಿ ತರುತ್ತೀರೋ? ಸಿಲಿಂಡರ್ ಖಾಲಿಯಾದ ಮೇಲೆ ಎಷ್ಟು ದಿನಕ್ಕೆ ಹೊಸದು ತಂದಿರಿ, ತಡವಾಗಿದ್ದರೆ ಯಾಕೆ? ಮುಂದಿನ ವರ್ಷ ಸೌದೆ ಸಿಗದಿದ್ದರೆ ಏನು ಮಾಡುತ್ತೀರಿ? ಇವನ್ನೇ ಮಳೆ, ಚಳಿ, ಬೇಸಿಗೆ ಮೂರು ಕಾಲದಲ್ಲೂ ಕೇಳಬೇಕು. ನಮ್ಮ ಉಪನ್ಯಾಸಕರು ಈ ವರ್ಷದ ಪ್ರಾಜೆಕ್ಟ್‌ಗೆ ಇದನ್ನೇ ಒಪ್ಪಿಕೊಳ್ಳಬೇಕೆಂದು ವಿನಂತಿಸುತ್ತೇನೆ. ಬಂದ ಅಂಕಿಗಳನ್ನು ಇದೇ ಪತ್ರಿಕೆಯಲ್ಲಿ ಹಾಕಿ, ಒಂದು ಪ್ರತಿಯನ್ನು ಮೂರೂ ತಾಲ್ಲೂಕು ಪಂಚಾಯಿತಿ ಕಚೇರಿಗಳಿಗೆ ಕೊಟ್ಟು ಬರೋಣ.