ದೀರ್ಘಕಾಲದ ನೋವನ್ನು ರೋಗವೆಂದು ದಾಖಲಿಸಿ, ಅದರ ಚಿಕಿತ್ಸೆ ಮತ್ತು ಸಂಶೋಧನೆಗೆ ವ್ಯವಸ್ಥೆ ಮಾಡಲು ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಆರೋಗ್ಯ ಸೌಧ, ಮಾಗಡಿ ರಸ್ತೆ, ಬೆಂಗಳೂರು.

ಇವರಿಂದ,
ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗದ ದೀರ್ಘಕಾಲದ ನೋವಿನ ರೋಗಿಗಳು ಮತ್ತು ಅವರ ಮನೆಯವರು.

ಪ್ರತಿ: ಪ್ರಾದೇಶಿಕ ನಿರ್ದೇಶಕರು, ಕಾರ್ಮಿಕ ರಾಜ್ಯ ವಿಮಾ (ಇಎಸ್‌ಐ) ನಿಗಮ, ಬಿನ್ನಿಪೇಟೆ, ಬೆಂಗಳೂರು.

ವಿಷಯ: ಬೆಂಗಳೂರು ಪಶ್ಚಿಮ ಭಾಗದಲ್ಲಿ ದೀರ್ಘಕಾಲದ ನೋವಿನ ದಾಖಲಾತಿ, ಚಿಕಿತ್ಸೆ ಹಾಗೂ ಅಧ್ಯಯನದ ಬಗ್ಗೆ.

ಮಾನ್ಯರೇ,

ಈ ಮನವಿಗೆ ಸಹಿ ಹಾಕಿರುವ ನಮ್ಮಲ್ಲಿ ಕೆಂಗೇರಿಯಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿದ್ದಾರೆ. ಕಾಮಾಕ್ಷಿಪಾಳ್ಯದ ಮನೆಯಲ್ಲೇ ಕೂತು ಸಾವಿರಕ್ಕಿಷ್ಟು ಎಂದು ಊದುಬತ್ತಿ ಹೊಸೆಯುವವರಿದ್ದಾರೆ. ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು, ಈಗ ರಾಜಾಜಿನಗರದ ಮನೆಯ ಮೆಟ್ಟಿಲಿಳಿಯಲು ಗೋಡೆ ಹಿಡಿಯುವವರಿದ್ದಾರೆ. ವಿಜಯನಗರದ ಆಟೋ ಚಾಲಕರಿದ್ದಾರೆ, ಬಸವೇಶ್ವರನಗರದ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. (ಪತ್ರ ಬರೆದದ್ದು ಮೇಷ್ಟ್ರು, ಉದ್ದವಾಗಿದ್ದರೆ ಕ್ಷಮೆ ಇರಲಿ.) ನಮ್ಮ ಕಸುಬು ಬೇರೆ ಬೇರೆಯಾದರೂ ಆಸ್ಪತ್ರೆಗಳಲ್ಲಿ ಕೇಳಿಸಿಕೊಂಡ ಮಾತು ಒಂದೇ: "ರಿಪೋರ್ಟ್ ಎಲ್ಲಾ ನಾರ್ಮಲ್ ಇದೆ, ಹೋಗಿಬನ್ನಿ." ಕೇಳಿ ಸಂತೋಷಪಡಬೇಕಾದ ಮಾತೇ. ಆದರೆ ಚೀಟಿ ಹಿಡಿದು ಹೊರಗೆ ಬಂದರೆ ನೋವೂ ನಮ್ಮ ಜೊತೆಗೇ ಬಸ್ಸು ಹತ್ತುತ್ತದೆ.

ತಮ್ಮ ಕಚೇರಿ ಇರುವ ಮಾಗಡಿ ರಸ್ತೆಯಲ್ಲೇ ಕುಷ್ಠರೋಗದ ಆಸ್ಪತ್ರೆಯೂ ಇದೆ. ಅಲ್ಲಿಗೆ ಬರುವವರ ಕಷ್ಟ ನಮ್ಮದಕ್ಕೆ ತದ್ವಿರುದ್ಧ. ರೋಗಾಣು ನರವನ್ನು ಹಾಳುಮಾಡಿ ಸ್ಪರ್ಶವೇ ಸತ್ತುಹೋದಾಗ ಬಿಸಿ ಲೋಟ ಹಿಡಿದ ಕೈ ಸುಟ್ಟರೂ ತಿಳಿಯುವುದಿಲ್ಲ. ಗಾಯದ ಮೇಲೆ ಗಾಯವಾಗಿ ಬೆರಳೇ ಹೋಗುತ್ತದೆ. ನೋವು ಮೈ ಕಾಯುವ ಕಾವಲುಗಾರ ಎಂಬುದು ಅವರನ್ನು ನೋಡಿದರೆ ಅರ್ಥವಾಗುತ್ತದೆ. ನಮ್ಮ ಮೈಯಲ್ಲಾದರೋ ಅದೇ ಕಾವಲುಗಾರ ಕಳ್ಳ ಓಡಿಹೋಗಿ ವರ್ಷವಾದರೂ ಸೀಟಿ ಊದುತ್ತಲೇ ಇದ್ದಾನೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು, ನೋವಿನ ಸಂದೇಶ ಬೆನ್ನುಹುರಿಯಲ್ಲಿ ಒಂದು ಬಾಗಿಲು ದಾಟಿ ಮಿದುಳಿಗೆ ಹೋಗುತ್ತದೆ, ಆ ಬಾಗಿಲು ಹಿಗ್ಗಲೂಬಹುದು ಕುಗ್ಗಲೂಬಹುದು ಎಂದು ಹೇಳಿದರು. ಪೆಟ್ಟು ಮಾಯ್ದ ಮೇಲೂ ನರವ್ಯೂಹ ಅತಿಸೂಕ್ಷ್ಮವಾಗಿಯೇ ಉಳಿಯಬಹುದೆಂದು ಆಮೇಲಿನ ಸಂಶೋಧನೆ ತೋರಿಸಿದೆ. ನಿದ್ದೆಗೇಡು, ಮನೆಯ ಚಿಂತೆ, ಕೆಲಸ ಹೋಗುವ ಭಯ ಅದನ್ನು ಇನ್ನಷ್ಟು ಕೆರಳಿಸುತ್ತವೆ. ರಿಪೋರ್ಟ್ ನಾರ್ಮಲ್ ಇರುವುದೂ ನೋವು ಇರುವುದೂ ಎರಡೂ ನಿಜವಾಗಿರಲು ಸಾಧ್ಯ.

ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿದೆ. 2022ರ ಜನವರಿ 1ರಿಂದ ಜಾರಿಗೆ ಬಂದ ರೋಗಗಳ 11ನೇ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ, ಮೂರು ತಿಂಗಳು ಮೀರಿ ಉಳಿಯುವ ಅಥವಾ ಮರಳಿ ಮರಳಿ ಬರುವ ನೋವಿಗೆ ಎಂಜಿ30 ಎಂಬ ಪ್ರತ್ಯೇಕ ಸಂಖ್ಯೆ ಕೊಟ್ಟಿದೆ. ನಮ್ಮ ಮೊದಲ ಬೇಡಿಕೆಗೆ ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು: ಸರ್ಕಾರದ "ನಮ್ಮ ಕ್ಲಿನಿಕ್"ನಿಂದ ಹಿಡಿದು ದೊಡ್ಡಾಸ್ಪತ್ರೆಯವರೆಗೆ ಹೊರರೋಗಿ ದಾಖಲೆಯಲ್ಲಿ "ಮೈಕೈ ನೋವು" ಎಂದು ಗೀಚಿ ಬಿಡದೆ, ನೋವು ಎಷ್ಟು ತಿಂಗಳಿನದು ಎಂದು ಕೇಳಿ, ಮೂರು ತಿಂಗಳು ದಾಟಿದ್ದರೆ ಆ ಸಂಖ್ಯೆಯಡಿ ಬರೆಯಬೇಕು.

ಲೆಕ್ಕ ಏಕೆ ಮುಖ್ಯ ಎನ್ನುವುದಕ್ಕೆ ಉದಾಹರಣೆ ನಮ್ಮ ಊರಿನದೇ ಇದೆ. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದೊಳಗಿನ 2,329 ಜನರನ್ನು ತಲೆನೋವಿನ ಬಗ್ಗೆ ವಿಚಾರಿಸಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಒಂದು ವರ್ಷದಲ್ಲಿ ಶೇ. 63.9 ಜನರಿಗೆ ತಲೆನೋವು ಬಂದಿತ್ತು, ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇತ್ತು, ಶೇ. 3ರಷ್ಟು ಜನ ತಿಂಗಳಲ್ಲಿ 15 ದಿನವೋ ಅದಕ್ಕಿಂತ ಹೆಚ್ಚೋ ತಲೆನೋವು ಅನುಭವಿಸುತ್ತಿದ್ದರು. ಬೆನ್ನು, ಮಂಡಿ, ಭುಜ, ಕುತ್ತಿಗೆಗೂ ಇಂಥದೇ ಗಣತಿ ಆಗಬೇಕು. 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ರಾಜ್ಯದಲ್ಲಿ ಏಳೂವರೆ ಲಕ್ಷಕ್ಕೂ ಮಿಕ್ಕಿ ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ವಾರದಲ್ಲಿ ಇಳಿಯಿತು. ಕೀಲು ಹಿಡಿದುಕೊಂಡದ್ದು ತಿಂಗಳುಗಟ್ಟಲೆ, ನಮ್ಮಲ್ಲಿ ಕೆಲವರಿಗೆ ವರ್ಷಗಟ್ಟಲೆ ಬಿಡಲಿಲ್ಲ. ಜ್ವರವನ್ನು ಎಣಿಸಿದ ಶ್ರದ್ಧೆಯಿಂದಲೇ ಉಳಿದ ನೋವನ್ನೂ ಎಣಿಸಿ ಎಂದು ಕೇಳುತ್ತಿದ್ದೇವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಹೇಗೂ ಪ್ರಬಂಧ ಬರೆಯಲೇಬೇಕು. ಗಾರ್ಮೆಂಟ್ಸ್ ಟೈಲರ್‌ಗಳ ಕುತ್ತಿಗೆ, ಊದುಬತ್ತಿ ಹೊಸೆಯುವವರ ಮಣಿಕಟ್ಟು, ಬಸ್ ಮತ್ತು ಆಟೋ ಚಾಲಕರ ಸೊಂಟ ಅವರ ವಿಷಯವಾಗಲಿ ಎಂದು ಇಲಾಖೆ ಒಂದು ಪತ್ರ ಬರೆದರೆ, ಮನೆ ಬಾಗಿಲು ತೆರೆದು ಕೂರಿಸಿ ಕಾಫಿ ಕೊಟ್ಟು ಉತ್ತರ ಹೇಳಲು ನಾವು ಸಿದ್ಧ.

ಆದರೆ ಕೇಳುವವರು ನಮ್ಮ ಮಾತಿನಲ್ಲಿ ಕೇಳಬೇಕು. ಇದು ಭಾಷಾಭಿಮಾನದ ಬೇಡಿಕೆಯೆಂದು ಪಕ್ಕಕ್ಕಿಡಬೇಡಿ. "ಹತ್ತರಲ್ಲಿ ಎಷ್ಟು ನೋವು?" ಎಂದು ಕೇಳಿದಾಗ ನಮ್ಮಲ್ಲಿ ಹಿರಿಯರೊಬ್ಬರು "ರೂಪಾಯಿಗೆ ಹನ್ನೆರಡಾಣೆ" ಎಂದರು. ಪಕ್ಕದಲ್ಲಿದ್ದವರು ನಕ್ಕರು, ಲೆಕ್ಕ ಮಾತ್ರ ಸರಿಯಾಗಿಯೇ ಇತ್ತು, ಹತ್ತರಲ್ಲಿ ಏಳೂವರೆ. ಮೆಲ್ಜಾಕ್ 1975ರಲ್ಲಿ ಇಂಗ್ಲಿಷಿನ 78 ನೋವಿನ ಪದಗಳನ್ನು ಗುಂಪು ಮಾಡಿ ಪ್ರಶ್ನಾವಳಿ ತಯಾರಿಸಿದರು. ರೋಗಿ ಯಾವ ಪದ ಆರಿಸುತ್ತಾನೆ ಎಂಬುದರಿಂದ ನೋವಿನ ಬಗೆ ತಿಳಿಯುತ್ತದೆ ಎಂಬುದು ಅದರ ತಿರುಳು. ನಮ್ಮಲ್ಲೇನು ಪದಗಳಿಗೆ ಬರವೇ? ಸೆಳೆತ, ಸಿಡಿತ, ಉರಿ, ಜೋಮು, ಚಳಕು, ಹಿಂಡಿದ ಹಾಗೆ, ಕೊರೆದ ಹಾಗೆ, ಹಿಡಿದುಕೊಂಡ ಹಾಗೆ. ಸಕ್ಕರೆ ಕಾಯಿಲೆಯ ತಾಯಿಯೊಬ್ಬರು "ಅಂಗಾಲಿಗೆ ಕೆಂಡ ಇಟ್ಟ ಹಾಗೆ, ಮೇಲೆ ಇರುವೆ ಹರಿದ ಹಾಗೆ" ಎಂದರೆ ಅದು ನರದ ನೋವಿನ ಸುಳಿವು, ಅದಕ್ಕೆ ಮಾಮೂಲಿ ನೋವಿನ ಮಾತ್ರೆ ಸಾಲದು. ಚೀಟಿಯಲ್ಲಿ ಅದು ಬರೀ "ಕಾಲುನೋವು" ಆದರೆ ಔಷಧವೂ ದಾರಿ ತಪ್ಪುತ್ತದೆ. ಆದ್ದರಿಂದ ಕನ್ನಡದ ನೋವಿನ ಪದಗಳನ್ನು ರೋಗಿಗಳ ಬಾಯಿಂದಲೇ ಸಂಗ್ರಹಿಸಿ ಒಂದು ಪ್ರಶ್ನಾವಳಿ ರೂಪಿಸಬೇಕು. ಇಂಗ್ಲಿಷಿನದನ್ನು ಅನುವಾದ ಮಾಡಿ ಕೈತೊಳೆದುಕೊಳ್ಳಬಾರದು.

ಇನ್ನು ಚಿಕಿತ್ಸೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ಎಂಆರ್‌ಐ ಫಿಲ್ಮ್‌ಗಳ ಕಟ್ಟು, ಒಂದೆರಡು ಸೊಂಟದ ಬೆಲ್ಟ್ ಇವೆ. ಅದಕ್ಕಾಗಿ ಗಿರವಿ ಇಟ್ಟ ಬಳೆ ಮಾತ್ರ ಮನೆಯಲ್ಲಿಲ್ಲ. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಶ್ಲೇಷಣೆಯೊಂದರಲ್ಲಿ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37, ಎಂಬತ್ತರವರಲ್ಲಿ ಶೇ. 96 ಜನರಿಗೆ ಬೆನ್ನುಮೂಳೆಯ ಡಿಸ್ಕ್ ಸವೆದಿರುವುದು ಕಂಡಿತು. ತಲೆಗೂದಲು ನರೆತ ಹಾಗೆ ಡಿಸ್ಕೂ ಸವೆಯುತ್ತದೆ. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ದೀರ್ಘಕಾಲದ ಸೊಂಟನೋವಿನ ಮಾರ್ಗಸೂಚಿ ತಿಳಿವಳಿಕೆ, ವ್ಯಾಯಾಮ, ಮಾನಸಿಕ ಆಸರೆಗೆ ಒತ್ತು ಕೊಟ್ಟಿದೆ. ಬೆಲ್ಟ್ ಮತ್ತು ಟ್ರ್ಯಾಕ್ಷನ್ ಅನ್ನು ಮಾಮೂಲಿಯಾಗಿ ಕೊಡಬೇಡಿ ಎಂದಿದೆ. ಜಿಗಣಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದಲ್ಲಿ ಪದ್ಮಿನಿ ತೇಕೂರ್ ಮತ್ತು ಸಂಗಡಿಗರು 80 ರೋಗಿಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ವಾರ ಅಲ್ಲೇ ಉಳಿದು ಯೋಗ ಮಾಡಿದವರಿಗೆ ದೈಹಿಕ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಗುಣ ಕಂಡಿತು. ಒಳ್ಳೆಯದೇ. ಆದರೆ ಒಂದು ವಾರ ರಜೆ ಹಾಕಿದರೆ ಸಂಬಳ ಕಳೆದುಕೊಳ್ಳುವವರು ಅಲ್ಲಿಗೆ ಹೋಗುವುದು ಹೇಗೆ? ಕೆಂಗೇರಿ, ವಿಜಯನಗರ ಭಾಗದಲ್ಲಿ ಒಂದೊಂದು ಕಡೆಯಾದರೂ ಗಾರ್ಮೆಂಟ್ಸ್ ಬಿಡುವ ಹೊತ್ತಿನ ನಂತರ ತೆರೆದಿರುವ ಫಿಸಿಯೋಥೆರಪಿ ಕೊಠಡಿ ಬೇಕು.

ರಾಜಾಜಿನಗರದ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಟ್ಟಿಗೆ ತಾವು ನಿಗಮದೊಂದಿಗೆ ಮಾತಾಡಬೇಕೆಂದು ಕೋರುತ್ತೇವೆ. ಅರಿವಳಿಕೆ, ಕೀಲುಮೂಳೆ, ಮನೋವೈದ್ಯ, ಫಿಸಿಯೋಥೆರಪಿಯವರು ವಾರಕ್ಕೊಂದು ದಿನ ಒಂದೇ ಕೊಠಡಿಯಲ್ಲಿ ಕೂತು ರೋಗಿಯನ್ನು ಒಟ್ಟಿಗೆ ನೋಡಲಿ. ವಿಮಾ ನಿಯಮದಲ್ಲೂ ಒಂದು ತೊಡಕಿದೆ. ಮಾಮೂಲಿ ಕಾಯಿಲೆಗೆ ವರ್ಷಕ್ಕೆ 91 ದಿನ, ಕೂಲಿಯ ಶೇ. 70 ಸಿಗುತ್ತದೆ. ಅದು ಮುಗಿದರೆ 34 ದೀರ್ಘಾವಧಿ ರೋಗಗಳ ಪಟ್ಟಿಯಲ್ಲಿದ್ದವರಿಗೆ ಮಾತ್ರ ಶೇ. 80. ಆ ಪಟ್ಟಿಯಲ್ಲಿ ಡಿಸ್ಕ್ ಜಾರಿದ್ದು ಇದೆ. ಡಿಸ್ಕ್ ನೆಟ್ಟಗಿದ್ದು ಬೆನ್ನು ಮಾತ್ರ ಏಳಗೊಡದ್ದು ಇಲ್ಲ. ಎಂಜಿ30 ಅನ್ನು ಆ ಪಟ್ಟಿಗೆ ಸೇರಿಸಲು ರಾಜ್ಯ ಸರ್ಕಾರ ಶಿಫಾರಸು ಮಾಡಬೇಕು. ಇಎಸ್‌ಐ ಕಾರ್ಡೇ ಇಲ್ಲದ ಊದುಬತ್ತಿಯ ಹೆಂಗಸರಿಗೆ ಈ ಸೌಲಭ್ಯಗಳು ಇಲಾಖೆಯ ಆಸ್ಪತ್ರೆಗಳಲ್ಲೇ ಸಿಗಬೇಕು.

ಕ್ಯಾನ್ಸರ್ ನೋವಿನ ಬಗ್ಗೆ ಒಂದೇ ಮಾತು. 2014ರ ಕಾನೂನು ತಿದ್ದುಪಡಿಯಿಂದ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಸುಲಭವಾಗಿದೆ. ಪಶ್ಚಿಮ ಭಾಗದಲ್ಲಿ ಅದು ಎಲ್ಲೆಲ್ಲಿ ಸಿಗುತ್ತದೆ ಎಂಬುದನ್ನು ಪ್ರತಿ "ನಮ್ಮ ಕ್ಲಿನಿಕ್"ನ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ. ಕೊನೆಯ ದಿನಗಳಲ್ಲಿರುವವರನ್ನು ಊರಿನ ಆ ತುದಿಗೆ ಹೊತ್ತೊಯ್ಯುವುದು ತಪ್ಪಲಿ.

ಈ ಬೇಡಿಕೆಗಳ ಬಗ್ಗೆ ಮಾತಾಡಲು ತಮ್ಮ ಕಚೇರಿಯಲ್ಲಿ ಅರ್ಧ ಗಂಟೆ ಸಮಯ ಕೊಡಬೇಕೆಂದು ವಿನಂತಿಸುತ್ತೇವೆ. ನಾವು ಏಳು ಜನ ಬರುತ್ತೇವೆ. ಇಬ್ಬರಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲು ಆಗುವುದಿಲ್ಲ. ಅವರು ತಮ್ಮೆದುರು ಎದ್ದು ನಿಂತು ಮಾತಾಡಿದರೆ ದಯವಿಟ್ಟು ಅಗೌರವವೆಂದು ಭಾವಿಸಬಾರದು.


ತಮ್ಮ ವಿಶ್ವಾಸಿಗಳು
(ಸಹಿಗಳನ್ನು ಲಗತ್ತಿಸಲಾಗಿದೆ)