ಶುಭ ಶುಕ್ರವಾರ ಖಾಲಿ ದಿನವಲ್ಲ

ವರ್ಷದ ರಜೆಯ ಪಟ್ಟಿ ಕೈಗೆ ಬಂದೊಡನೆ ನಮ್ಮಂಥ ಸಂಘಗಳ ಕಾರ್ಯಕಾರಿ ಸಮಿತಿಗಳು ಮೊದಲು ಹುಡುಕುವುದು ಎಲ್ಲರಿಗೂ ಬಿಡುವಿರುವ ಒಂದು ದಿನವನ್ನು. ಗುಡ್ ಫ್ರೈಡೆ ಅಂಥ ದಿನ. ಕೇಂದ್ರ ಸರಕಾರದ ಕಚೇರಿಗಳಿಗೆ ಕಡ್ಡಾಯ ರಜೆ, ಬ್ಯಾಂಕು ಶಾಲೆಗಳೂ ಮುಚ್ಚಿರುತ್ತವೆ. ಕ್ರಿಕೆಟ್ ಪಂದ್ಯಕ್ಕೋ ವನಭೋಜನಕ್ಕೋ ಇದೇ ಅನುಕೂಲವೆಂದು ಒಬ್ಬರು ಸೂಚಿಸುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಅಷ್ಟೇ ಅಲ್ಲ, ‘ಶುಭ’ ಎಂಬ ಮಾತನ್ನು ನಂಬಿ ಕ್ರೈಸ್ತ ಮಿತ್ರರಿಗೆ ಶುಭಾಶಯವನ್ನೂ ಹೇಳಿಬಿಡುತ್ತೇವೆ! ಸ್ವಾಮಿ, ಅದು ಏಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ. ಸಾವಿನ ಮನೆಯ ಬಾಗಿಲಲ್ಲಿ ನಿಂತು ಡೋಲು ಬಾರಿಸುವವರುಂಟೇ?

ಅಂಥ ಮನೆಗಳು ನಮ್ಮ ನಡುವೆ ಎಷ್ಟಿವೆ ಎಂದು ಕೇಳುವವರಿದ್ದಾರೆ. 1956ರವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಬೀದರ ಸೀಮೆಯ ಮೆಥಡಿಸ್ಟ್ ಸಭೆಯ ಕನ್ನಡಿಗನಿಗೆ ಈ ಊರು ಪರಸ್ಥಳವಲ್ಲ, ಹಳೆಯ ರಾಜಧಾನಿ. 1960ರ ದಶಕದಲ್ಲಿ ಬಾಲಾನಗರದಲ್ಲಿ ಎಚ್.ಎ.ಎಲ್., ಐ.ಡಿ.ಪಿ.ಎಲ್. ಕಾರ್ಖಾನೆಗಳು ತಲೆ ಎತ್ತಿದ ಮೇಲೆ ದುಡಿಮೆಗೆ ಬಂದ ಕನ್ನಡಿಗರಲ್ಲಿ ಒಂದೇ ಮತದವರಿದ್ದರೇ? ಮನೆ ಒಂದೇ ಇದ್ದರೂ ಅದು ನಮ್ಮ ಮನೆಯೇ. ನವೆಂಬರ್ 1ರಂದು ವೇದಿಕೆ ಹತ್ತಿ, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗರನ್ನೂ 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲರನ್ನೂ ಹೊಗಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಅವರಿಗೆ ಅತ್ಯಂತ ಪವಿತ್ರವಾಗಿದ್ದ ದಿನದಂದು ಮೈದಾನದಲ್ಲಿ ವಿಕೆಟ್ ನೆಡುತ್ತೇವೆ. ಇದು ಯಾವ ನ್ಯಾಯ?

ನೆಡುವುದೇ ಆದರೆ ಅಂದು ಸಸಿ ನೆಡೋಣ. ಇದು ತಮಾಷೆಯ ಮಾತಲ್ಲ. ಏಸುವನ್ನು ಶಿಲುಬೆಗೇರಿಸಿದ ಸ್ಥಳದ ಬಳಿ ಒಂದು ತೋಟವಿತ್ತು, ಆ ತೋಟದ ಹೊಸ ಸಮಾಧಿಯಲ್ಲೇ ಆತನನ್ನು ಇಟ್ಟರು ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಮೂರನೆಯ ದಿನ ಬೆಳಗಿನ ಜಾವ ಅಲ್ಲಿಗೆ ಹೋದ ಮಗ್ದಲದ ಮರಿಯಳು, ಎದ್ದುಬಂದ ಗುರುವನ್ನು ಕಂಡು ಮೊದಲು ತೋಟಗಾರನೆಂದೇ ಭಾವಿಸಿದಳು. ಮಣ್ಣಿಗೆ ಬಿದ್ದ ಕಾಳು ಸತ್ತರೆ ತಾನೆ ಬಹಳ ಫಲ ಎಂಬ ಉಪಮೆಯೂ ಆ ಸುವಾರ್ತೆಯಲ್ಲಿದೆ. ಹೀಗಿರುವಾಗ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ದೇವಾಲಯದಲ್ಲಿ ಶಿಲುಬೆಯ ಏಳು ಮಾತುಗಳನ್ನು ಧ್ಯಾನಿಸಿ ಬಂದವರು ಬಿಸಿಲಿಳಿದ ಮೇಲೆ ಮಣ್ಣಿಗೆ ಕೈಹಾಕಿದರೆ ಆರಾಧನೆ ಮುಂದುವರಿಯಿತೆಂದೇ ಅರ್ಥ.

ಇದನ್ನು ಕ್ರೈಸ್ತ ಹಿರಿಯರಲ್ಲೇ ಕೆಲವರು ಒಪ್ಪಲಾರರು. ದುಃಖದ ದಿನ ದುಡಿಮೆ ಸಲ್ಲದು ಎನ್ನುವರು. ಅವರ ಭಕ್ತಿಗೆ ನಮಸ್ಕಾರ. ಆದರೆ ಬಾಡುತ್ತಿರುವ ಗಿಡಕ್ಕೆ ಏಪ್ರಿಲ್ ಬಿಸಿಲಲ್ಲಿ ಒಂದು ತಂಬಿಗೆ ನೀರೆರೆಯುವುದು ಲಾಭದ ದುಡಿಮೆಯೇ? ಪೂಜೆ ಮುಗಿಸಿ ಬಂದು ಟಿ.ವಿ. ಮುಂದೆ ಕೂರುವುದಕ್ಕಿಂತ, ಮೂರು ದಿನದ ರಜೆಯೆಂದು ಪ್ರವಾಸಕ್ಕೆ ಕಾರು ಹತ್ತುವುದಕ್ಕಿಂತ ಇದು ಆ ದಿನಕ್ಕೆ ಹೆಚ್ಚು ಹತ್ತಿರ.

ಜಾಗವೆಲ್ಲಿ ಎನ್ನಬೇಡಿ. ಮಾಳಿಗೆಯ ಮೇಲೆ ಎರಡು ಹಳೆಯ ಬಕೆಟ್ಟು ಸಾಕು. ಕಾರ್ಖಾನೆಗಳ ಕೊಳೆ ಹೊತ್ತು ಹುಸೇನ್ ಸಾಗರ ಸೇರುವ ಕೂಕಟ್‌ಪಲ್ಲಿ ನಾಲೆಯ ಸೀಮೆ ಇದು. ಸಿಕ್ಕ ಮಣ್ಣು ತುಂಬದೆ ಒಳ್ಳೆಯ ಕೆಂಪು ಮಣ್ಣು, ಸಗಣಿ ಗೊಬ್ಬರ ತನ್ನಿ. ಬೆಂಡೆ, ಬಸಳೆ, ಪುಂಡಿ ಯಾವುದಾದರೂ ಆಗಲಿ. ನಮ್ಮ ಪುಂಡಿಯೇ ಇಲ್ಲಿಯವರ ಗೋಂಗೂರ. ನೆರೆಯವರೊಡನೆ ಮಾತಿಗೂ ಒದಗುತ್ತದೆ. ಮಕ್ಕಳ ಕೈಗೆ ನೆನೆಸಿದ ಹೆಸರುಕಾಳು ಕೊಡಿ. ಈ ಸೆಖೆಗೆ ಅದು ಎರಡು ಮೂರು ದಿನದಲ್ಲಿ ತಲೆ ಎತ್ತುತ್ತದೆ. ಶುಕ್ರವಾರ ಹೂತದ್ದು ಈಸ್ಟರ್ ಹೊತ್ತಿಗೆ ಮೇಲೆ ಬರುವುದನ್ನು ಕಂಡ ಮಗುವಿಗೆ ಬೇರೆ ಉಪದೇಶವೇಕೆ? ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು ಆಡುವ ನಮ್ಮ ಮಕ್ಕಳು ಪಾತಿ, ಮೊಳಕೆ, ಕುಡಿ, ಹೀಚು ಎಂಬ ಮಾತುಗಳನ್ನು ಇನ್ನೆಲ್ಲಿ ಕಲಿಯಬೇಕು?

ಕ್ರೈಸ್ತರಲ್ಲದವರು ಏನು ಮಾಡಬೇಕು? ಪಂದ್ಯ ಬಿಡಬೇಕು, ಅಷ್ಟೇ. ಮನಸ್ಸಿದ್ದರೆ ಸಂಜೆ ಒಂದು ಸಸಿ ಹಿಡಿದು ಆ ಮನೆಗೆ ಹೋಗಿ ನೆಟ್ಟು ಬರಲಿ. ಯುಗಾದಿಯ ಬೇವು-ಬೆಲ್ಲ ಹಂಚುವಾಗ ನಾವು ಅವರ ಮತ ಕೇಳುವುದಿಲ್ಲವಲ್ಲ!

ಈಸ್ಟರ್ ಕೂಡ ಯುಗಾದಿಯಂತೆ ಚಂದ್ರನನ್ನು ನೋಡಿ ಬರುವ ಹಬ್ಬ. ಆದ್ದರಿಂದ ಅದರ ಹಿಂದಿನ ಶುಕ್ರವಾರವೂ ವರ್ಷ ವರ್ಷ ಸರಿಯುತ್ತದೆ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ, ಶುಭ ಶುಕ್ರವಾರ ಏಪ್ರಿಲ್ 18ಕ್ಕೆ ಬಂದವು. ಸಮಿತಿಯ ಮಹನೀಯರು ಮುಂದಿನ ವರ್ಷದ ಕಾರ್ಯಕ್ರಮ ಗೊತ್ತುಮಾಡುವ ಮೊದಲು ಆ ತಾರೀಖಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಅಂದು ಸಂಘದ ಯಾವ ಕೂಟವೂ ಇಲ್ಲವೆಂದು ನಡಾವಳಿ ಪುಸ್ತಕದಲ್ಲಿ ಬರೆಯಲಿ. ಆಟಕ್ಕೆ ಐವತ್ತೆರಡು ಭಾನುವಾರಗಳಿವೆ.